ಟಾರ್ಚ್ ಬಿಚ್ಚುವ ಮುಂಚೆ: ಬೆಳಕು ಹೆಚ್ಚಿಸುವ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಟಾರ್ಚಿನದ್ದೇ ಜಾಸ್ತಿ. ಮಳೆಗಾಲ, ಕರೆಂಟು ಹೋಗಿ ಬಂದು ಮಾಡುತ್ತಿದೆ, ಅದಕ್ಕೇ ಇರಬೇಕು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಬರೀ ಟಾರ್ಚ್ ಬಗ್ಗೆಯೇ ಮಾತಾಡೋಣ.

ಪ್ರಶ್ನೆ: ನನ್ನ ಹತ್ತಿರ ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚಿ ಚಾರ್ಜ್ ಮಾಡುವ ಪ್ಲಾಸ್ಟಿಕ್ ಟಾರ್ಚ್ ಇದೆ. ರಾತ್ರಿ ತ್ರೀ ಫೇಸ್ ಬಂದಾಗ ತೋಟಕ್ಕೆ ಹೋಗಿ ಪಂಪ್ ಹಾಕಬೇಕು, ಹಾವಿನ ಭಯ ಬೇರೆ. ಈಗಿನದಕ್ಕಿಂತ ಐದು ಪಟ್ಟು ಬೆಳಕು ಬರುವ ಹಾಗೆ ಮಾಡಬಹುದಾ? ಗೆಳೆಯರೊಬ್ಬರು 10 ವ್ಯಾಟಿನ ಎಲ್‌ಇಡಿ ತಂದು ಹಾಕಿಬಿಡಿ ಅಂದರು.
– ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು

ಉತ್ತರ: ಮಾಡಬಹುದು, ಆದರೆ ನಿಮ್ಮ ಗೆಳೆಯರು ಹೇಳಿದ ಹಾಗಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಆ ಚೌಕನೆಯ 10 ವ್ಯಾಟ್ ಎಲ್‌ಇಡಿ ಒಳಗೆ ಸಾಮಾನ್ಯವಾಗಿ ಒಂಬತ್ತು ಚಿಪ್ ಇರುತ್ತವೆ, ಮೂರು ಮೂರನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಅದು ಹೊತ್ತಿಕೊಳ್ಳಲು 9ರಿಂದ 11 ವೋಲ್ಟ್ ಬೇಕು. ನಿಮ್ಮ ಟಾರ್ಚಿನ ಒಳಗಿರುವುದು 4 ವೋಲ್ಟಿನ ಲೆಡ್ ಬ್ಯಾಟರಿ. ಬೆಸುಗೆ ಹಾಕಿ ಸ್ವಿಚ್ ಒತ್ತಿದರೆ ಮಿಣುಕು ಕೂಡ ಬರುವುದಿಲ್ಲ.

ಸರಿ, 3 ವೋಲ್ಟಿನಲ್ಲೇ ಉರಿಯುವ 10 ವ್ಯಾಟಿನ ಎಲ್‌ಇಡಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಆಗ ಮೂರು ಆಂಪಿಯರಿಗೂ ಮೇಲೆ ಕರೆಂಟ್ ಹರಿಯಬೇಕು. ಈ ಟಾರ್ಚುಗಳ ಬ್ಯಾಟರಿ ಹೆಚ್ಚಿನವು 1 ಆಂಪಿಯರ್ ಅವರ್ (ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಆಸುಪಾಸಿನವು. ಅದೂ ನಿಧಾನವಾಗಿ, ಇಪ್ಪತ್ತು ಗಂಟೆಯಲ್ಲಿ ಖಾಲಿ ಮಾಡಿದರೆ ಸಿಗುವ ಲೆಕ್ಕ. ಒಮ್ಮೆಲೇ ಎಳೆದರೆ ಅರ್ಧವೂ ಸಿಗುವುದಿಲ್ಲ. ನೀವು ಪಂಪ್ ಹಾಕಿ ವಾಪಸ್ ಬರುವಷ್ಟರಲ್ಲಿ ಕತ್ತಲೆ. ಇನ್ನು ಬಿಸಿಯ ವಿಷಯ. ಎಲ್‌ಇಡಿ ತಣ್ಣಗೆ ಉರಿಯುತ್ತದೆ ಅನ್ನೋದು ಅರ್ಧ ಸತ್ಯ, ಕೊಟ್ಟ ವಿದ್ಯುತ್ತಿನ ಅರ್ಧಕ್ಕಿಂತ ಜಾಸ್ತಿ ಭಾಗ ಬಿಸಿಯಾಗಿಯೇ ಹೋಗುತ್ತದೆ. ಬಲ್ಬಿನ ಹಾಗೆ ಆ ಬಿಸಿ ಮುಂದಕ್ಕೆ ಬರದೆ ಎಲ್‌ಇಡಿಯ ಬೆನ್ನಿನ ಕಡೆ ಇಳಿಯುತ್ತದೆ. ಅಲ್ಲಿ ಪ್ಲಾಸ್ಟಿಕ್ ಇದ್ದರೆ ಬಿಸಿ ಹೋಗೋದು ಎಲ್ಲಿಗೆ?

ಐದು ಪಟ್ಟು ಅಂದಿರಲ್ಲ, ಅದರ ಬಗ್ಗೆಯೂ ಒಂದು ಮಾತು. ನಮ್ಮ ಕಣ್ಣು ಮೀಟರಿನ ಹಾಗೆ ಲೆಕ್ಕ ಹಾಕುವುದಿಲ್ಲ. ಕಣ್ಣಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಬೆಳಕು ನಿಜವಾಗಿ ನಾಲ್ಕು ಪಟ್ಟಾದರೂ ಆಗಬೇಕು. ಹಾಗಾಗಿ ಐದು ಪಟ್ಟು ಮಾಡಿದ ಮೇಲೂ 'ಪರವಾಗಿಲ್ಲ, ಚೆನ್ನಾಗಿದೆ' ಅನ್ನಿಸುತ್ತದೆ ಅಷ್ಟೆ, ಹಗಲಾದ ಹಾಗೆ ಆಗುವುದಿಲ್ಲ.

ಈಗ ಮಾಡುವ ದಾರಿ. ಟಾರ್ಚಿನಲ್ಲಿ ಉಳಿಸಿಕೊಳ್ಳಬೇಕಾದ್ದು ಬಾಡಿ, ರಿಫ್ಲೆಕ್ಟರ್, ಸ್ವಿಚ್ ಮಾತ್ರ. ಲೆಡ್ ಬ್ಯಾಟರಿ ತೆಗೆಯಿರಿ. ಅದರ ಜೊತೆಗೇ ಪ್ಲಗ್ ಪಿನ್ನು, ಒಳಗಿನ ಚಾರ್ಜಿಂಗ್ ಬೋರ್ಡು, ಎರಡನ್ನೂ ಕಿತ್ತು ಆಚೆ ಹಾಕಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಲೆಡ್ ಬ್ಯಾಟರಿ ಜಾಗಕ್ಕೆ 18650 ಅನ್ನುವ ಉರುಳೆಯಾಕಾರದ ಲಿಥಿಯಂ ಸೆಲ್ ಕೂರಿಸಿ, ಚಾರ್ಜರ್ ಮಾತ್ರ ಹಳೆಯದೇ ಇರಲಿ ಅಂತ ಬಿಡುವವರು ಬಹಳ ಜನ. ವೋಲ್ಟೇಜು ಹೆಚ್ಚುಕಡಿಮೆ ಒಂದೇ ಅಲ್ವಾ ಅನ್ನುವ ಲೆಕ್ಕ ಅವರದು. ಲಿಥಿಯಂ ಸೆಲ್ 4.2 ವೋಲ್ಟ್ ದಾಟುವ ಮುಂಚೆ ಚಾರ್ಜ್ ನಿಲ್ಲಲೇಬೇಕು, ಆ ಹಳೆ ಬೋರ್ಡಿಗೆ ನಿಲ್ಲಿಸುವುದೇ ಗೊತ್ತಿಲ್ಲ. ಸಣ್ಣ ಕರೆಂಟೇ ಆದರೂ ತಳ್ಳುತ್ತಲೇ ಇರುತ್ತದೆ. ಸೆಲ್ ಊದಿಕೊಂಡು, ಹೊಗೆ ಬಂದು, ಬೆಂಕಿ ಹತ್ತುವುದು ಹೀಗೆಯೇ. ಅದೂ ರಾತ್ರಿ ಎಲ್ಲರೂ ಮಲಗಿದ್ದಾಗ, ಯಾಕೆಂದರೆ ನಾವು ಚಾರ್ಜಿಗೆ ಹಾಕೋದೇ ಆಗ.

ಹಳೆ ಬೋರ್ಡಿನ ಜಾಗಕ್ಕೆ ಟಿಪಿ4056 ಅನ್ನುವ ಪುಟ್ಟ ಬೋರ್ಡು ಹಾಕಿ. ಮೊಬೈಲ್ ಚಾರ್ಜರಿನ 5 ವೋಲ್ಟಿನಿಂದ ಚಾರ್ಜ್ ಆಗುತ್ತದೆ, 4.2ಕ್ಕೆ ತಾನೇ ನಿಲ್ಲುತ್ತದೆ. ಇದರಲ್ಲಿ ಎರಡು ಬಗೆ ಸಿಗುತ್ತವೆ. ಬ್ಯಾಟರಿ ಪ್ಲಸ್ ಮೈನಸ್ ಮಾತ್ರ ಇರುವುದು ಒಂದು, ಅದು ಬೇಡ. ಬ್ಯಾಟರಿಗೆ ಎರಡು ಜಾಗ, ಔಟ್ ಅಂತ ಇನ್ನೆರಡು ಜಾಗ ಇರುವುದನ್ನೇ ಕೇಳಿ ತಗೊಳ್ಳಿ. ಸೆಲ್ ಪೂರ್ತಿ ಬರಿದಾಗುವ ಮುಂಚೆ ಲೈನ್ ಕತ್ತರಿಸುವ ರಕ್ಷಣೆ ಅದರಲ್ಲಿದೆ. ಚಾರ್ಜ್ ಆಗುವಾಗ ಈ ಬೋರ್ಡು ಕೈ ಸುಡುವಷ್ಟು ಬಿಸಿಯಾಗುತ್ತದೆ, ಗಾಳಿ ಇಲ್ಲದ ಪ್ಲಾಸ್ಟಿಕ್ ಒಳಗೆ ಅದು ಒಳ್ಳೇದಲ್ಲ. ಅದರ ಮೇಲಿನ 1.2 ಕಿಲೋಓಮ್ ರೆಸಿಸ್ಟರ್ ತೆಗೆದು 2.4 ಕಿಲೋಓಮ್ ಹಾಕಿದರೆ ಚಾರ್ಜಿಂಗ್ ಕರೆಂಟು 1 ಆಂಪಿಯರಿನಿಂದ ಅರ್ಧಕ್ಕೆ ಇಳಿಯುತ್ತದೆ. ಚಾರ್ಜ್ ಆಗಲು ಹೊತ್ತು ಜಾಸ್ತಿ ಹಿಡಿದರೇನಂತೆ, ಹೇಗೂ ರಾತ್ರಿ ತನಕ ಕೆಲಸ ಇಲ್ಲ. ಹಗಲಲ್ಲೇ, ಕಣ್ಣೆದುರಿಗೆ ಚಾರ್ಜ್ ಮಾಡಿ.

ಎಲ್‌ಇಡಿ ವಿಷಯಕ್ಕೆ ಬಂದರೆ ನನ್ನ ಸಲಹೆ ಒಂದೇ: ದೊಡ್ಡ ಚಿಪ್ಪು, ಸಣ್ಣ ಕರೆಂಟು. 10 ವ್ಯಾಟ್ ತಡೆಯಬಲ್ಲ ಕ್ರೀ ಕಂಪನಿಯ ಎಕ್ಸ್‌ಎಂ-ಎಲ್ ಜಾತಿಯ ಒಂಟಿ ಚಿಪ್ ಎಲ್‌ಇಡಿ ತಂದು ಅದಕ್ಕೆ ಬರೀ 700 ಮಿಲಿಆಂಪಿಯರ್ ಕೊಡಿ. ಎರಡು ವ್ಯಾಟ್ ಚಿಲ್ಲರೆ ತಿಂದು 280 ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ) ಹತ್ತಿರ ಬೆಳಕು ಕೊಡುತ್ತದೆ. ಸಾಧಾರಣ ಅರ್ಧ ವ್ಯಾಟಿನ ಟಾರ್ಚಿಗೆ ಹೋಲಿಸಿದರೆ ನೀವು ಕೇಳಿದ ಐದು ಪಟ್ಟು ಇದರಲ್ಲೇ ಬಂತು. ಕರೆಂಟನ್ನು 700ಕ್ಕೆ ಹಿಡಿದಿಡಲು 7135 ಅನ್ನುವ ಮೂರು ಕಾಲಿನ ಚಿಪ್ ಎರಡು ಸಾಕು, ಒಂದೊಂದು 350 ಬಿಡುತ್ತದೆ. ಅದರ ಔಟ್ ಕಾಲು ಎಲ್‌ಇಡಿಯ ಮೈನಸ್ಸಿಗೆ, ಗ್ರೌಂಡ್ ಕಾಲು ಬೋರ್ಡಿನ ಔಟ್ ಮೈನಸ್ಸಿಗೆ, ಇನ್ನೊಂದು ಕಾಲು ಸ್ವಿಚ್ ದಾಟಿ ಬಂದ ಪ್ಲಸ್ಸಿಗೆ. ಎಲ್‌ಇಡಿಯ ಪ್ಲಸ್ಸೂ ಅಲ್ಲಿಗೇ. ಒಳ್ಳೆಯ 2500 ಮಿಲಿಆಂಪಿಯರ್ ಅವರ್ ಸೆಲ್ ಇದ್ದರೆ ಮೂರು ಗಂಟೆ ದಾಟಿ ಉರಿಯುತ್ತದೆ.

ಎಲ್‌ಇಡಿಯನ್ನು ಅಲ್ಯೂಮಿನಿಯಂ ನಕ್ಷತ್ರದ ಬೋರ್ಡಿನ ಮೇಲೆ ಕೂರಿಸಿದ್ದನ್ನೇ ಕೊಳ್ಳಿ. ಅದರ ಹಿಂದೆ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿ ಒಂದು ಅಲ್ಯೂಮಿನಿಯಂ ತಗಡಿಗೆ ಸ್ಕ್ರೂ ಹಾಕಿ ಬಿಗಿಯಿರಿ. ಆ ತಗಡಿನ ಒಂದು ಅಂಚು ಬಾಡಿಯಿಂದ ಹೊರಗೆ ಗಾಳಿಗೆ ಬಂದರೆ ಇನ್ನೂ ಉತ್ತಮ. ಹತ್ತು ನಿಮಿಷ ಉರಿಸಿ ತಗಡು ಮುಟ್ಟಿ ನೋಡಿ. ಬೆರಳು ಇಟ್ಟುಕೊಳ್ಳಲು ಆದರೆ ಸರಿ. ತಕ್ಷಣ ಎಳೆದುಕೊಂಡರೆ ಒಂದು 7135 ತೆಗೆದುಬಿಡಿ. ಇವೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ.

ಇನ್ನೊಂದು. ನಿಮಗೆ ಬೇಕಾದ್ದು ಹಾವು ಕಾಣುವ ಬೆಳಕು, ಅಂದರೆ ಕಾಲಿನ ಮುಂದಿನ ಐದಾರು ಮೀಟರ್. ಅಲ್ಲಿಗೆ ಸೂಜಿಯಂಥ ಬೆಳಕು ಬೇಡ, ಹರಡಿಕೊಂಡ ಬೆಳಕು ಬೇಕು. ಟಾರ್ಚಿನ ಗಾಜಿಗೆ ಒಳಗಿನಿಂದ ಮಬ್ಬು ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿ, ಎಷ್ಟು ವ್ಯತ್ಯಾಸ ಅಂತ. ನೀಲಿ ಛಾಯೆಯ 6500 ಕೆಲ್ವಿನ್ ಬೆಳಕಿಗಿಂತ 4000ದ ಸ್ವಲ್ಪ ಹಳದಿ ಬೆಳಕಿನಲ್ಲಿ ಒಣಗಿದ ಸೋಗೆ, ಮಣ್ಣು, ಹಾವಿನ ಮೈ ಬೇರೆ ಬೇರೆಯಾಗಿ ಕಾಣುತ್ತವೆ ಅನ್ನೋದು ನನ್ನ ಅಭಿಪ್ರಾಯ. ಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಹಿಡಿಯಿರಿ. ಹಣೆಗೆ ಕಟ್ಟುವ ಹೆಡ್ ಟಾರ್ಚಿನಲ್ಲಿ ಬೆಳಕೂ ಕಣ್ಣೂ ಒಂದೇ ಕಡೆ ಇರುವುದರಿಂದ ನೆಲದ ಮೇಲಿನ ವಸ್ತುವಿನ ನೆರಳೇ ನಮಗೆ ಕಾಣುವುದಿಲ್ಲ. ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಕೆಳಗಿನಿಂದ ಬಿಟ್ಟರೆ ಹಾವಿನ ಹಿಂದೆ ನೆರಳು ಬೀಳುತ್ತದೆ, ಮೊದಲು ಕಣ್ಣಿಗೆ ಬೀಳೋದು ಆ ನೆರಳೇ.

ಪ್ರಶ್ನೆ: ಚಾರ್ಜಿಗೆ ಹಾಕಿದ್ದಾಗ ಟಾರ್ಚಿನ ಮುಚ್ಚಳ ತೆಗೆದು ಬ್ಯಾಟರಿ ತಂತಿ ಮುಟ್ಟಿದೆ. ಜೋರಾಗಿ ಶಾಕ್ ಹೊಡೆಯಿತು. 4 ವೋಲ್ಟ್ ಬ್ಯಾಟರಿ ಶಾಕ್ ಹೊಡೆಯುತ್ತದಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಹೊಡೆದದ್ದು ಬ್ಯಾಟರಿ ಅಲ್ಲ, ಗೋಡೆಯ 230 ವೋಲ್ಟ್. ಉಳಿದುಕೊಂಡಿರಲ್ಲ, ಅದು ಪುಣ್ಯ.

ಅಗ್ಗದ ಟಾರ್ಚುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಪ್ಲಗ್ಗಿನ ಒಂದು ಪಿನ್ನಿನಿಂದ ಚೌಕನೆಯ ಕೆಪಾಸಿಟರ್, ಅದರಿಂದ ನಾಲ್ಕು ಡಯೋಡ್, ಅಲ್ಲಿಂದ ಸೀದಾ ಬ್ಯಾಟರಿ. ಕೆಪಾಸಿಟರ್ ಮೇಲೆ 105 ಅಂತ ಬರೆದಿದ್ದರೆ ಅದು 1 ಮೈಕ್ರೋಫ್ಯಾರಡ್. ನಮ್ಮ 230 ವೋಲ್ಟ್, 50 ಹರ್ಟ್ಸ್ ಲೈನಿನಲ್ಲಿ ಅದು 65ರಿಂದ 70 ಮಿಲಿಆಂಪಿಯರ್ ಬಿಡುತ್ತದೆ. ಬ್ಯಾಟರಿ ಚಾರ್ಜ್ ಆಗಲು ಅಷ್ಟು ಸಾಕು. ಆದರೆ ಮೈನ್ಸಿಗೂ ಬ್ಯಾಟರಿಗೂ ನಡುವೆ ಯಾವ ತಡೆಯೂ ಇಲ್ಲ. ಚಾರ್ಜಿನಲ್ಲಿರುವಾಗ ಬ್ಯಾಟರಿಯ ಪ್ಲಸ್ಸು, ಮೈನಸ್ಸು, ಎಲ್‌ಇಡಿಯ ಕಾಲು, ಸ್ವಿಚ್ಚಿನ ತಗಡು, ಎಲ್ಲವೂ ಜೀವಂತ ಲೈನ್ ಅಂತಲೇ ತಿಳಿಯಬೇಕು. ಪ್ಲಗ್ಗಿನಿಂದ ತೆಗೆದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಅದನ್ನು ಇಳಿಸಲು ಪಕ್ಕದಲ್ಲಿ ಒಂದು ರೆಸಿಸ್ಟರ್ ಇರಬೇಕು. ಕೆಲವು ತಯಾರಕರು ಅದನ್ನೂ ಉಳಿತಾಯ ಮಾಡುತ್ತಾರೆ. ಮಕ್ಕಳ ಕೈಗೆ ಆ ಪಿನ್ನು ಸಿಗದ ಹಾಗೆ ನೋಡಿಕೊಳ್ಳಿ.

ಬೇಗ ಚಾರ್ಜ್ ಆಗಲಿ ಅಂತ 105ರ ಜಾಗಕ್ಕೆ 225, ಅಂದರೆ 2.2 ಮೈಕ್ರೋಫ್ಯಾರಡಿನದು ಹಾಕುವ ಮೆಕ್ಯಾನಿಕ್‌ಗಳನ್ನು ನೋಡಿದ್ದೇನೆ. ಕರೆಂಟು ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ, ನಿಜ. ತಾನೇ ನಿಲ್ಲುವ ವ್ಯವಸ್ಥೆ ಮಾತ್ರ ಬರುವುದಿಲ್ಲ. ರಾತ್ರಿಯಿಡೀ ಬಿಟ್ಟರೆ ಬ್ಯಾಟರಿಯ ಒಳಗಿನ ನೀರು ಆರಿ ಹೋಗಿ ಕೆಲವೇ ತಿಂಗಳಲ್ಲಿ ಅದರ ಕಥೆ ಮುಗಿಯುತ್ತದೆ.

ಪ್ರಶ್ನೆ: ಒಂಬತ್ತು ಸಣ್ಣ ಎಲ್‌ಇಡಿ ಇರುವ ಟಾರ್ಚಿನಲ್ಲಿ ಒಂದು ರೆಸಿಸ್ಟರ್ ಇದೆ. ಅದನ್ನು ಶಾರ್ಟ್ ಮಾಡಿದರೆ ಬೆಳಕು ಜಾಸ್ತಿ ಆಗುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ಮಾಡಲಾ?
– ಡಿಪ್ಲೊಮಾ ವಿದ್ಯಾರ್ಥಿ, ಧಾರವಾಡ

ಉತ್ತರ: ಜಾಸ್ತಿ ಆಗುತ್ತದೆ, ವಿಡಿಯೋ ಮುಗಿಯುವ ತನಕ! ಆ 5 ಮಿಲಿಮೀಟರಿನ ಎಲ್‌ಇಡಿಗೆ 20 ಮಿಲಿಆಂಪಿಯರ್ ಲೆಕ್ಕ. ಎಲ್‌ಇಡಿ ಬಲ್ಬಿನ ಥರ ಅಲ್ಲ ತಮ್ಮಾ, ವೋಲ್ಟೇಜ್ 3.1ರಿಂದ 3.4ಕ್ಕೆ ಏರಿದರೆ ಕರೆಂಟು ಎರಡು ಮೂರು ಪಟ್ಟು ಹಾರುತ್ತದೆ. ಆ ಹಾರಾಟಕ್ಕೆ ಲಗಾಮು ಹಾಕಲೆಂದೇ ರೆಸಿಸ್ಟರ್ ಇಟ್ಟಿರೋದು. ತೆಗೆದರೆ ಒಳಗಿನ ನೀಲಿ ಚಿಪ್ಪಿನ ಮೇಲಿರುವ ಹಳದಿ ಪುಡಿ, ಅದರ ಸುತ್ತಲಿನ ಅಂಟು, ಎರಡೂ ಬಿಸಿಗೆ ಕೆಡುತ್ತವೆ. ಬಿಳಿ ಬೆಳಕು ಬರುವುದೇ ಆ ನೀಲಿಯೂ ಹಳದಿಯೂ ಸೇರಿ. ಹಾಗಾಗಿ ಬೆಳಕು ಮೊದಲು ನೀಲಿಗೆ ತಿರುಗಿ ಆಮೇಲೆ ಮಂಕಾಗುತ್ತದೆ. ಒಂಬತ್ತರಲ್ಲಿ ಒಂದು ಸುಟ್ಟರೆ ಅದರ ಪಾಲಿನ ಕರೆಂಟನ್ನು ಉಳಿದವು ಹಂಚಿಕೊಂಡು ಅವೂ ಸಾಲಾಗಿ ಹೋಗುತ್ತವೆ. ಮಾಡಲೇಬೇಕು ಅಂತಿದ್ದರೆ ಆ ಒಂಬತ್ತನ್ನೂ ತೆಗೆದು ಮೇಲೆ ಸಾಗರದವರಿಗೆ ಹೇಳಿದ ಹಾಗೆ ಒಂದೇ ದೊಡ್ಡ ಎಲ್‌ಇಡಿ ಹಾಕು. ಓದುತ್ತಿರುವ ವಿಷಯವೇ ಆದ್ದರಿಂದ 7135ರ ಡೇಟಾಶೀಟ್ ತೆಗೆದು ಓದಿಕೊಂಡು ಮಾಡು, ವಿಡಿಯೋ ನೋಡಿ ಬೇಡ.

ಪ್ರಶ್ನೆ: ಲೋಹದ ಬಾಡಿಯ ಜೂಮ್ ಟಾರ್ಚ್ ಕೊಂಡೆ. ಡಬ್ಬದ ಮೇಲೆ 'ಟಿ6, 1,00,000 ಲ್ಯೂಮೆನ್, 1 ಕಿಲೋಮೀಟರ್' ಅಂತಿದೆ. 9800 ಮಿಲಿಆಂಪಿಯರ್ ಅವರ್ ಸೆಲ್ಲೂ ಕೊಟ್ಟಿದ್ದಾರೆ. ಮನೆಯ ಎದುರಿನ ಗದ್ದೆ ದಾಟಿ ಬೆಳಕು ಹೋಗುತ್ತಿಲ್ಲ. ಸುಧಾರಿಸಬಹುದಾ?
– ಒಬ್ಬ ಓದುಗರು, ಕುಂದಾಪುರ

ಉತ್ತರ: ಮೊದಲು ಡಬ್ಬ ಎಸೆದುಬಿಡಿ. ಒಳ್ಳೆಯ ಬಿಳಿ ಎಲ್‌ಇಡಿ ಒಂದು ವ್ಯಾಟಿಗೆ 150 ಲ್ಯೂಮೆನ್ ಕೊಡುತ್ತದೆ ಅಂತ ಉದಾರವಾಗಿ ಲೆಕ್ಕ ಹಾಕಿದರೂ ಒಂದು ಲಕ್ಷ ಲ್ಯೂಮೆನ್ನಿಗೆ 660 ವ್ಯಾಟಿಗೂ ಮೇಲೆ ಬೇಕು. ಒಳ್ಳೆಯ 18650 ಸೆಲ್ಲಿನಲ್ಲಿ ಇರುವುದೇ 12 ವ್ಯಾಟ್ ಅವರ್ ಚಿಲ್ಲರೆ. ಅಂದರೆ ಒಂದೇ ನಿಮಿಷದಲ್ಲಿ ಖಾಲಿ! ಟಿ6 ಅನ್ನೋದು ಎಕ್ಸ್‌ಎಂ-ಎಲ್ ಎಲ್‌ಇಡಿಯ ಬೆಳಕಿನ ದರ್ಜೆ, 700 ಮಿಲಿಆಂಪಿಯರಿನಲ್ಲಿ 280 ಲ್ಯೂಮೆನ್. ಮೂರು ಆಂಪಿಯರ್ ಕೊಟ್ಟರೆ ಸಾವಿರದ ಹತ್ತಿರ ಹೋಗಬಹುದು, ಅದೂ ಅಸಲಿ ಆಗಿದ್ದರೆ. ಸೆಲ್ಲಿನ 9800 ಕೂಡ ಸುಳ್ಳು. ಈ ಅಳತೆಯ ಸೆಲ್ಲಿನಲ್ಲಿ 4000ದ ಆಸುಪಾಸು ದಾಟಿದ್ದನ್ನು ನಂಬಬೇಡಿ. ತಕ್ಕಡಿಯಲ್ಲಿಟ್ಟು ನೋಡಿ, ಅಸಲಿ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ. ಮೂವತ್ತು ಗ್ರಾಂ ಬಂದರೆ ಒಳಗೆ ಏನು ತುಂಬಿದ್ದಾರೋ ದೇವರಿಗೇ ಗೊತ್ತು.

ಹಾಗಾಗಿ ಮೊದಲ ಕೆಲಸ ಒಳ್ಳೆಯ ಸೆಲ್. ಎಷ್ಟೋ ಸಲ ಇಷ್ಟರಲ್ಲೇ ಟಾರ್ಚ್ ಹೊಸದಾಗಿಬಿಡುತ್ತದೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ಸೆಲ್ ತೆಗೆಯುವವರಿದ್ದಾರೆ, ನಡೆಯುತ್ತದೆ. 2 ವೋಲ್ಟಿಗಿಂತ ಕೆಳಗಿಳಿದು ಕೂತಿರುವುದನ್ನು, ಚಾರ್ಜ್ ಮಾಡುವಾಗ ಬೆಚ್ಚಗಾಗುವುದನ್ನು ಮಾತ್ರ ಮುಟ್ಟಬೇಡಿ.

ಎರಡನೇದು, ಹಿಂದಿನ ಮುಚ್ಚಳದ ಸ್ಪ್ರಿಂಗ್. ಇದನ್ನು ಯಾರೂ ಗಮನಿಸುವುದಿಲ್ಲ. ಸಣ್ಣ ಉಕ್ಕಿನ ಸ್ಪ್ರಿಂಗಿನಲ್ಲಿ 0.05ರಿಂದ 0.1 ಓಮ್ ಇದ್ದರೂ 3 ಆಂಪಿಯರ್ ಹರಿದಾಗ ಅಲ್ಲೇ 0.15ರಿಂದ 0.3 ವೋಲ್ಟ್ ಬಿದ್ದುಹೋಗುತ್ತದೆ. ಸೆಲ್ಲಿನದು 3.7, ಎಲ್‌ಇಡಿಗೆ 3.3 ಬೇಕು, ಮಧ್ಯೆ ಇರುವುದೇ 0.4. ಅದರಲ್ಲಿ ಸ್ಪ್ರಿಂಗೇ ಅರ್ಧ ನುಂಗಿದರೆ ಉಳಿಯೋದೇನು? ಮೆತ್ತನೆಯ ತಾಮ್ರದ ಎಳೆವೈರನ್ನು ಸ್ಪ್ರಿಂಗಿನ ತುದಿಯಿಂದ ಬುಡಕ್ಕೆ ಸೋಲ್ಡರ್ ಹಾಕಿ, ಸ್ಪ್ರಿಂಗ್ ಒತ್ತಿದಾಗ ಬಾಗುವಷ್ಟು ಸಡಿಲ ಬಿಡಿ. ಸ್ಪ್ರಿಂಗನ್ನು ಮೊದಲು ಮರಳು ಕಾಗದದಲ್ಲಿ ಉಜ್ಜದಿದ್ದರೆ ಸೋಲ್ಡರ್ ಹಿಡಿಯುವುದಿಲ್ಲ. ಮುಚ್ಚಳ ಕೂರುವ ಬಾಡಿಯ ಅಂಚನ್ನೂ ಒರೆಸಿ. ನಿಮ್ಮದು ಕರಾವಳಿ, ಉಪ್ಪು ಗಾಳಿಗೆ ಅಲ್ಲಿ ಕಿಲುಬು ಹಿಡಿದಿರುತ್ತದೆ.

ಮಾಡುವ ಮುಂಚೆ ಮತ್ತು ಮಾಡಿದ ಮೇಲೆ ಕರೆಂಟು ಅಳೆಯಿರಿ. ಮಲ್ಟಿಮೀಟರನ್ನು 10 ಆಂಪಿಯರ್ ಜಾಗಕ್ಕೆ ಹಾಕಿ, ಮುಚ್ಚಳ ತೆಗೆದು, ಒಂದು ಕಡ್ಡಿ ಸೆಲ್ಲಿನ ಬುಡಕ್ಕೆ, ಇನ್ನೊಂದು ಬಾಡಿಯ ಬರಿಯ ಲೋಹದ ಅಂಚಿಗೆ. ಒಂದು ಆಂಪಿಯರ್ ಕೂಡ ಬರದಿದ್ದರೆ ಒಳಗೆ ಎಲ್‌ಇಡಿಗೆ ಕರೆಂಟು ಬಿಡುವ ಡ್ರೈವರ್ ಬೋರ್ಡೇ ಬಡಪಾಯಿ ಅಂತ ತಿಳಿಯಿರಿ. ಎಂಟು 7135 ಇರುವ ವೃತ್ತಾಕಾರದ ಬೋರ್ಡು ಸಿಗುತ್ತದೆ, 2.8 ಆಂಪಿಯರಿನದು. ಆದರೆ ಒಳಗಿನ ಎಲ್‌ಇಡಿ ಟೊಳ್ಳು ತಗಡಿನ ಮೇಲೆ ಕೂತಿದ್ದರೆ ಅದನ್ನು ಹಾಕಬೇಡಿ, ಅಗ್ಗದ ಜೂಮ್ ಟಾರ್ಚುಗಳಲ್ಲಿ ಹೆಚ್ಚಾಗಿ ಹಾಗೆಯೇ ಇರುತ್ತದೆ. ಕೆಳಗೆ ದಪ್ಪ ಅಲ್ಯೂಮಿನಿಯಂ ಬಿಲ್ಲೆ ಬೇಕು.

ಪ್ರಶ್ನೆ: ಕಾಫಿ ತೋಟಕ್ಕೆ ಆನೆ ಬರುತ್ತದೆ. ಮುನ್ನೂರು ಮೀಟರ್ ದೂರಕ್ಕೆ ಬೆಳಕು ಬೀಳುವ ಹಾಗೆ ನನ್ನ ಟಾರ್ಚಿಗೆ ಎಂಥ ಎಲ್‌ಇಡಿ ಹಾಕಲಿ?
– ಬೆಳೆಗಾರ, ಸಕಲೇಶಪುರ

ಉತ್ತರ: ಎಲ್‌ಇಡಿ ಬದಲಿಸಿ ಪ್ರಯೋಜನ ಇಲ್ಲ ಸಾರ್, ರಿಫ್ಲೆಕ್ಟರ್ ಬದಲಿಸಬೇಕು. ದೂರಕ್ಕೆ ಬೇಕಾದ್ದು ಲ್ಯೂಮೆನ್ ಅಲ್ಲ, ಒಂದೇ ದಿಕ್ಕಿಗೆ ಒಟ್ಟಾದ ಬೆಳಕು. ಅದರ ಅಳತೆ ಕ್ಯಾಂಡೆಲಾ. ಟಾರ್ಚುಗಳಿಗೆ ಬಳಸುವ ಲೆಕ್ಕ ಹೀಗಿದೆ: ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಮೀಟರಿನಲ್ಲಿ ದೂರ. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್. ನಿಮ್ಮ 300ಕ್ಕೆ 22,500 ಬೇಕು. ಆ ದೂರದಲ್ಲಿ ಬೀಳುವ ಬೆಳಕಾದರೂ ಎಷ್ಟು, 0.25 ಲಕ್ಸ್, ಹುಣ್ಣಿಮೆ ಬೆಳದಿಂಗಳಷ್ಟು. ಕರಿಯ ಆನೆ ಕರಿಯ ನೆರಳಲ್ಲಿ ನಿಂತಿದ್ದರೆ ಅಷ್ಟರಲ್ಲಿ ಕಾಣುವುದಿಲ್ಲ, ಹಾಗಾಗಿ 600 ಮೀಟರ್ ಅಂತ ನಿಜವಾಗಿ ಅಳೆದು ಬರೆದ ಟಾರ್ಚ್ ಇದ್ದರೆ ನಿಮಗೆ 300 ಸಿಕ್ಕೀತು. ಅದೇ ಎಲ್‌ಇಡಿಗೆ 40 ಮಿಲಿಮೀಟರ್ ರಿಫ್ಲೆಕ್ಟರ್ ಬದಲು 80 ಮಿಲಿಮೀಟರಿನದು ಹಾಕಿದರೆ ಕ್ಯಾಂಡೆಲಾ ಸುಮಾರು ನಾಲ್ಕು ಪಟ್ಟು, ದೂರ ಎರಡು ಪಟ್ಟು. ಅದು ನಿಮ್ಮ ಟಾರ್ಚಿನ ಒಳಗೆ ಹಿಡಿಸುವುದಿಲ್ಲ. ಆದ್ದರಿಂದ ಮಾರ್ಪಾಡು ಬೇಡ, ಅಗಲ ತಲೆಯ ಹೊಸ ಟಾರ್ಚ್ ಕೊಳ್ಳಿ.

ಮಂಜು ಇದ್ದರೆ ಎಷ್ಟು ಬೆಳಕು ಬಿಟ್ಟರೂ ಅದು ಗೋಡೆಗೆ ಬಡಿದ ಹಾಗೆ ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಆಗ ಟಾರ್ಚನ್ನು ಕಣ್ಣಿನ ಸಾಲಿನಿಂದ ದೂರ, ಕೆಳಗೆ ಹಿಡಿಯಬೇಕು. ಇನ್ನು ಆನೆಯನ್ನು ಟಾರ್ಚಿನಿಂದ ಓಡಿಸುತ್ತೇನೆ ಅನ್ನೋದಾದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಕಣ್ಣಿಗೆ ಬೆಳಕು ಬಿದ್ದ ಆನೆ ಹಿಂದಕ್ಕೇ ಹೋಗುತ್ತದೆ ಅನ್ನುವ ಭರವಸೆ ಯಾರು ಕೊಟ್ಟಾರು? ನಿಮ್ಮ ಭಾಗದಲ್ಲಿ ಆನೆ ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬರುವ ವ್ಯವಸ್ಥೆ ಇದೆಯಲ್ಲ, ನಿಮ್ಮ ಮತ್ತು ಕೆಲಸದವರ ನಂಬರು ಅದರಲ್ಲಿ ಇದೆಯೋ ನೋಡಿಕೊಳ್ಳಿ.

ಪ್ರಶ್ನೆ: ಮೂರು ವರ್ಷದ ಟಾರ್ಚ್, ಹತ್ತೇ ನಿಮಿಷ ಉರಿದು ಮಂಕಾಗುತ್ತದೆ. ಎಲ್‌ಇಡಿ ಬದಲಿಸಬೇಕಾ?
– ಗೃಹಿಣಿ, ತುಮಕೂರು

ಉತ್ತರ: ಬೇಡಮ್ಮ, ಎಲ್‌ಇಡಿ ಚೆನ್ನಾಗಿಯೇ ಇದೆ. ಹೋಗಿರುವುದು ಬ್ಯಾಟರಿ. ಲೆಡ್ ಬ್ಯಾಟರಿಯನ್ನು ಖಾಲಿಯಾದ ಮೇಲೆ ಚಾರ್ಜ್ ಮಾಡದೆ ತಿಂಗಳುಗಟ್ಟಲೆ ಬೀರುವಿನಲ್ಲಿ ಇಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಟಾರ್ಚನ್ನು ಪ್ಲಗ್ಗಿನಿಂದ ತೆಗೆದು ಒಂದು ದಿನ ಹಾಗೇ ಬಿಟ್ಟು, ಆಮೇಲೆ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿಗೆ ಕೊಡಿ. ಹೊಸ 4 ವೋಲ್ಟ್ ಬ್ಯಾಟರಿ ಹಾಕಿಕೊಡುತ್ತಾರೆ. ಉದ್ದ ಅಗಲ ಬೇರೆ ಬೇರೆ ಇರುವುದರಿಂದ ಹಳೆಯದನ್ನು ನೋಡಿಯೇ ಕೊಡಬೇಕು, ಅದನ್ನು ಕಸಕ್ಕೆ ಹಾಕದೆ ಅಂಗಡಿಯವರಿಗೇ ಬಿಟ್ಟುಬನ್ನಿ, ಒಳಗೆ ಸೀಸ ಇದೆ. ಹೊಸದನ್ನು ಉಪಯೋಗ ಇರಲಿ ಬಿಡಲಿ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ.